ಹಸಿರು ಕಾರಿನ ಸದ್ದಡಗಿದ ದಿನ

೧೯೯೮ ನವೆಂಬರ್ ೧೫, ಭಾನುವಾರ. ಬೆಳಿಗ್ಗೆ ಎಂಟೂ ಇಪ್ಪತ್ತು.

ಕಿಟಕಿ ತೆರೆದೊಡನೆ ರೆಸಿನ್ ವಾಸನೆ ಒಳಗೆ ಬಂತು. ಇಲ್ಲಿ ಮಾರಿಸ್‌ವಿಲ್‌ನಲ್ಲಿ ನಮ್ಮ ಪಕ್ಕದ ಮನೆಯವರು ತಮ್ಮ ಪುಟ್ಟ ದೋಣಿಯ ಬಿರುಕಿಗೆ ಫೈಬರ್‌ಗ್ಲಾಸ್ ಹಚ್ಚಿ, ಮೇಲೆ ಆ ಅಂಟನ್ನು ಬಳಿಯುತ್ತಿದ್ದರು. ಉಗುರುಬಣ್ಣದ ಸೀಸೆ ಒಡೆದಂಥ ಘಾಟು. ಕಾಫಿ ಲೋಟ ಕೈಯಲ್ಲೇ ಉಳಿಯಿತು. ನಾಲ್ಕು ವರ್ಷದ ಹಿಂದೆ ಪಕ್ಕದ ಊರು ಕ್ಯಾರಿಯಲ್ಲಿ ಈ ವಾಸನೆ ನನ್ನ ದಿಂಬಿಗೂ ಹತ್ತಿರುತ್ತಿತ್ತು...

ಆಗ ನಾನು ಕೆಲಸದ ವೀಸಾದ ಮೇಲೆ ಅಮೆರಿಕಕ್ಕೆ ಬಂದ ಹೊಸತು. ನಾನು ಅಂಕಲ್ ಎಂದು ಕರೆಯುತ್ತಿದ್ದವರ ಮನೆಯ ಗ್ಯಾರೇಜಿನ ಮೇಲಿನ ಕೋಣೆಯಲ್ಲಿ ಬಾಡಿಗೆಗಿದ್ದೆ. ಅವರು ಮೈಸೂರಿನವರು, ಎಪ್ಪತ್ತರ ದಶಕದ ಆರಂಭದಲ್ಲಿ ಬಂದ ಡಾಕ್ಟರು. ಆಪರೇಷನ್ನಿಗೆ ಮೊದಲು ಅರಿವಳಿಕೆ ಕೊಟ್ಟು, ಮುಗಿಯುವವರೆಗೂ ರೋಗಿಯ ತಲೆಯ ಬಳಿ ಕೂರುವುದು ಅವರ ಕೆಲಸ. ರೋಗಿಯ ರಕ್ತದಲ್ಲಿ ಪ್ರಾಣವಾಯು ಕಡಿಮೆಯಾದರೆ ಅಲ್ಲಿನ ಯಂತ್ರದ ಪೀಂ ಪೀಂ ಸದ್ದಿನ ಶ್ರುತಿ ಇಳಿಯುತ್ತದಂತೆ. "ನಾವು ಕಣ್ಣು ಮುಚ್ಕೊಂಡ್ರೂ ಪರವಾಗಿಲ್ಲ ಕಣಮ್ಮಾ, ಕಿವಿ ಮುಚ್ಚೋ ಹಾಗಿಲ್ಲ," ಎಂದು ಒಮ್ಮೆ ಊಟದ ಹೊತ್ತಿನಲ್ಲಿ ಹೇಳಿದ್ದರು. ಅವರ ಹೆಂಡತಿ, ಆಂಟಿ, ಸೌಟನ್ನು ಸಾರಿನಲ್ಲೇ ಬಿಟ್ಟು ಅವರ ಮುಖ ನೋಡಿದರು. ಯಾಕೆಂದು ಆಗ ನನಗೆ ತಿಳಿಯಲಿಲ್ಲ.

ಗ್ಯಾರೇಜಿನಲ್ಲಿ ಅಂಕಲ್ ಕಾರು ಕಟ್ಟುತ್ತಿದ್ದರು. ಪೆಟ್ಟಿಗೆಗಳಲ್ಲಿ ಬಿಡಿಭಾಗ ತರಿಸಿ, ಹಳೆಯ ಕಾರೊಂದರ ಎಂಜಿನ್ ಕೂರಿಸಿ ಮನೆಯಲ್ಲೇ ಜೋಡಿಸುವ ಕಿಟ್ ಕಾರು. ಎರಡೇ ಸೀಟು, ಮೇಲೆ ಮುಚ್ಚಿಗೆಯಿಲ್ಲ, ಮೈಯೆಲ್ಲ ಅದೇ ಫೈಬರ್‌ಗ್ಲಾಸ್, ಬಾಳೆಎಲೆಯ ಹಸಿರು. ಮೊದಲ ಸಲ ಸ್ಟಾರ್ಟ್ ಮಾಡಿದಾಗ ನನ್ನ ಮೇಜಿನ ಮೇಲಿದ್ದ ಪೆನ್ನು ಉರುಳಿ ನೆಲಕ್ಕೆ ಬಿತ್ತು. ಎದುರುಮನೆಯವರು ದೂರು ಕೊಟ್ಟರು. ಬಡಾವಣೆಯ ಅಸೋಸಿಯೇಷನ್ ಪರೀಕ್ಷೆ ಗೊತ್ತುಮಾಡಿತು. ಎಂಜಿನ್ನನ್ನು ರೇಸ್ ಮಾಡಿ ಹಿಡಿದಾಗ, ರಸ್ತೆಯಂಚಿನ ಅಂಚೆಪೆಟ್ಟಿಗೆಯ ಬಳಿ ಸದ್ದು ಎಂಬತ್ತೈದು ಡೆಸಿಬಲ್ ಮೀರಬಾರದು. ಮೀರಿದರೆ ಕಾರು ಬಡಾವಣೆಯಲ್ಲಿ ಇರಕೂಡದು.

ಅಂಕಲ್ ಸದ್ದು ಅಳೆಯುವ ಮೀಟರೊಂದನ್ನು ತಂದು ನನ್ನ ಕೈಗಿತ್ತರು. ಏನು ಕಂಡರೂ ತಾರೀಖು ಹಾಕಿ ಬರೆದಿಡುವ ನನ್ನ ಚಾಳಿ ಅವರಿಗೆ ತಮಾಷೆ. ಶನಿವಾರ ಬೆಳಿಗ್ಗೆ ಅವರು ಸೀಟಿನಲ್ಲಿ, ನಾನು ಅಂಚೆಪೆಟ್ಟಿಗೆಯ ಬಳಿ.

"ಏನು ಚಿತ್ರಗುಪ್ತರೇ, ಇವತ್ತು ನನ್ನ ಪಾಪ ಎಷ್ಟು?"

"ತೊಂಬತ್ತಾರು, ಅಂಕಲ್."

"ಚಾನ್ಸೇ ಇಲ್ಲ. ಬೆಕ್ಕಿನ ಥರ ಗುರುಗುಟ್ತಾ ಇದೆ. ನಿನ್ನ ಮೀಟರ್ ಕೆಟ್ಟಿದೆ."

ಅವತ್ತೇ ಹೋಗಿ ಇನ್ನೊಂದು ಮೀಟರ್ ತಂದರು. ಅದೂ ತೊಂಬತ್ತಾರೇ ತೋರಿಸಿತು. ಎರಡನ್ನೂ ಅಕ್ಕಪಕ್ಕ ಇಟ್ಟು ಬಹಳ ಹೊತ್ತು ನೋಡುತ್ತ ನಿಂತರು.

ಮಧ್ಯಾಹ್ನ ಬಟ್ಟೆ ಮಡಿಸುತ್ತ ಆಂಟಿ ತಾವಾಗಿಯೇ ಮಾತು ತೆಗೆದರು. "ಮೈಕ್ರೋವೇವ್ ಕೂಗ್ತಾ ಇರತ್ತೆ, ಪಕ್ಕದಲ್ಲೇ ಕೂತಿರ್ತಾರೆ, ಏಳಲ್ಲ. ಕಿವಿ ಟೆಸ್ಟ್ ಮಾಡಿಸ್ಕೊಳ್ರೀ ಅಂದ್ರೆ, ನೀನು ಗೊಣಗೋದು ಚೆನ್ನಾಗೇ ಕೇಳ್ಸತ್ತೆ ಅಂತಾರೆ."

ನಾನು ನಕ್ಕೆ. ಅವರು ನಗಲಿಲ್ಲ. "ಅಲ್ಲಿ ಯಾರೋ ಮಲಗಿರ್ತಾರಲ್ಲಮ್ಮಾ, ಇವರನ್ನ ನಂಬ್ಕೊಂಡು."

"ನರ್ಸ್ ಇರ್ತಾರಲ್ಲ ಆಂಟಿ."

"ಇರ್ತಾರೆ," ಎಂದು ಟವೆಲನ್ನು ಮಡಿಸಿ, ಬಿಚ್ಚಿ, ಮತ್ತೆ ಮಡಿಸಿದರು.

ಆಮೇಲಿನ ವಾರಗಳಲ್ಲಿ ಅಂಕಲ್ ಪಟ್ಟು ಹಿಡಿದು ಕೆಲಸ ಮಾಡಿದರು. ಊರಿನಲ್ಲಿ ಸೈಲೆನ್ಸರ್ ಅನ್ನುವುದಕ್ಕೆ ಇಲ್ಲಿ ಮಫ್ಲರ್ ಅನ್ನುತ್ತಾರೆ. ಅದನ್ನು ಬಿಚ್ಚಿ ದೊಡ್ಡದನ್ನು ಹಾಕಿದರು, ಹಿಂದೆ ಇನ್ನೊಂದು ಸೇರಿಸಿದರು, ಎಂಜಿನ್ನಿನ ಅಡಿಗೆ ಮೆತ್ತನೆಯ ರಬ್ಬರ್ ಕೊಟ್ಟರು. ತೊಂಬತ್ತೊಂದಾಯಿತು, ಎಂಬತ್ತೇಳಾಯಿತು. ಅಂಕಿ ಇಳಿದಂತೆ ಅವರ ಮಾತೂ ಇಳಿಯಿತು. ಪಾಪದ ಲೆಕ್ಕ ಕೇಳುವುದನ್ನು ಬಿಟ್ಟರು. ಮೊದಲು ಸದ್ದು ಹೇಗಿದೆಯೆಂದು ನನಗೆ ಹೇಳುತ್ತಿದ್ದವರು ಈಗ ನನ್ನನ್ನೇ ಕೇಳುತ್ತಿದ್ದರು.

ಪರೀಕ್ಷೆಯ ದಿನ ಆಂಟಿ ಕಾರಿನ ಮೂತಿಗೆ ಕುಂಕುಮ ಇಟ್ಟರು. ಅಸೋಸಿಯೇಷನ್ನಿನ ಹಿರಿಯರೊಬ್ಬರು ತಮ್ಮದೇ ಮೀಟರ್ ಹಿಡಿದು ಅಂಚೆಪೆಟ್ಟಿಗೆಯ ಬಳಿ ನಿಂತರು. ಎದುರುಮನೆಯವರು ತಮ್ಮ ಹುಲ್ಲಿನ ಮೇಲೆ ಕುರ್ಚಿ ಹಾಕಿಕೊಂಡು ಕೂತಿದ್ದರು. ಅಂಕಲ್ ಎಂಜಿನ್ ರೇಸ್ ಮಾಡಿ ಹಿಡಿದರು. ಮುಳ್ಳು ಎಂಬತ್ತೆರಡಕ್ಕೆ ನಿಂತಿತು. ಹಿರಿಯರು ಹೆಬ್ಬೆರಳೆತ್ತಿದರು, ನಾನು ಚಪ್ಪಾಳೆ ತಟ್ಟಿದೆ. ಅಂಕಲ್ ಆಕ್ಸಿಲರೇಟರಿನಿಂದ ಕಾಲು ತೆಗೆದರು. ಹೊಲಿಗೆ ಯಂತ್ರದಷ್ಟು ಮೆಲ್ಲಗೆ ಎಂಜಿನ್ ಓಡುತ್ತಿತ್ತು.

ಅಂಕಲ್ ಏನನ್ನೋ ಕಾಯುವವರಂತೆ ತಲೆ ಬಾಗಿಸಿ ಕೂತಿದ್ದರು. ಮತ್ತೆ ಕೀಲಿ ತಿರುಗಿಸಿದರು.

ಓಡುತ್ತಿರುವ ಎಂಜಿನ್ನನ್ನು ಇನ್ನೊಮ್ಮೆ ಸ್ಟಾರ್ಟ್ ಮಾಡಿದರೆ ಕಬ್ಬಿಣದ ಹಲ್ಲಿಗೆ ಹಲ್ಲು ಉಜ್ಜಿ ಕಿರ್ರೆಂದು ಅರಚುತ್ತದೆ. ಹಿರಿಯರು ಹೆಗಲು ಕುಗ್ಗಿಸಿದರು. ಎದುರುಮನೆಯಾಕೆ ಕಿವಿ ಮುಚ್ಚಿಕೊಂಡರು. ಅಂಕಲ್ ಶಾಂತವಾಗಿ ಇನ್ನೊಮ್ಮೆ ತಿರುಗಿಸಿದರು. ಮತ್ತೆ ಅದೇ ಅರಚಾಟ.

"ಯಾಕಮ್ಮಾ, ಆಫ್ ಆಗೋಯ್ತಲ್ಲ?" ಎಂದು ನನ್ನನ್ನು ಕೇಳಿದರು.

"ಇಲ್ಲ ಅಂಕಲ್... ಓಡ್ತಾ ಇದೆ."

ಅವರು ಸ್ಟಿಯರಿಂಗಿನ ಆಚೆಯ ಹಲಗೆಯ ಮೇಲೆ ಅಂಗೈ ಊರಿದರು. ಕಣ್ಣು ಮುಚ್ಚಿದರು. ಆ ಕೈ ಅಲ್ಲೇ ಇತ್ತು, ಎಷ್ಟು ಹೊತ್ತೋ... ಅದನ್ನು ಮಾತ್ರ ನಾನು ಬರೆದಿಟ್ಟಿಲ್ಲ. ಆಂಟಿ ಮೆಟ್ಟಿಲಿಳಿದು ಬಂದು, ಬಗ್ಗಿ, ಕೀಲಿ ತಿರುಗಿಸಿ ಎಂಜಿನ್ ಆರಿಸಿದರು. ಹಿರಿಯರು ಕೈ ಚಾಚಿ ಅಭಿನಂದನೆ ಹೇಳಿದರು. ಅಂಕಲ್ ಅವರ ತುಟಿಯನ್ನೇ ನೋಡಿ ತಲೆಯಾಡಿಸಿದರು.

ಸೋಮವಾರ ಬೆಳಿಗ್ಗೆ ಅವರು ಆಸ್ಪತ್ರೆಗೆ ತಾವೇ ಹೋಗಿ ಹೇಳಿಬಂದರು. ಆಮೇಲೆ ಆಪರೇಷನ್ ಕೋಣೆಗೆ ಕಾಲಿಡಲಿಲ್ಲ. ಮನೆಯಲ್ಲಿ ಯಾರೂ ಅದರ ಮಾತೆತ್ತುತ್ತಿರಲಿಲ್ಲ. ಆಂಟಿ ಮಾತ್ರ ಗಟ್ಟಿಯಾಗಿ ಮಾತಾಡಲು ಕಲಿತರು. ಪಾಸಾದ ಕಾರು ಗ್ಯಾರೇಜಿನಲ್ಲೇ ನಿಂತಿತು.

ಆ ಚಳಿಗಾಲ ಅವರು ಮಗಳಿಗೆ ಹತ್ತಿರವಾಗಲೆಂದು ಅಟ್ಲಾಂಟಾದ ಬಳಿಯ ಅಲ್ಫರೆಟಾಕ್ಕೆ ಮನೆ ಬದಲಿಸಿದರು. ಟ್ರೇಲರಿನ ಮೇಲೆ ಹಸಿರು ಕಾರು ತಿರುವಿನಲ್ಲಿ ಮರೆಯಾಗುವವರೆಗೆ ನಾನು ಅಂಚೆಪೆಟ್ಟಿಗೆಯ ಬಳಿ ನಿಂತಿದ್ದೆ. ಎರಡು ದೀಪಾವಳಿಗೆ ಆಂಟಿಯ ಕಾರ್ಡ್ ಬಂತು. ಹೋದ ವರ್ಷ ನಾನು ಕಳಿಸಿದ್ದು ಆ ವಿಳಾಸದಲ್ಲಿ ಯಾರೂ ಇಲ್ಲವೆಂದು ಹಿಂದೆ ಬಂತು. ಫೋನೂ ಇಲ್ಲ.

ಪಕ್ಕದ ಮನೆಯವರ ದೋಣಿ ಒಣಗುತ್ತಿದೆ. ವಾಸನೆ ಇನ್ನೂ ಹೋಗಿಲ್ಲ.

ಅಟ್ಲಾಂಟಾದ ಕಡೆ ಬಾಳೆಎಲೆ ಹಸಿರಿನ ಎರಡು ಸೀಟಿನ ಕಾರನ್ನೋ, ಅದನ್ನು ಕಟ್ಟಿದ ಮೈಸೂರಿನ ಡಾಕ್ಟರನ್ನೋ ಕಂಡವರಿದ್ದರೆ ಈ ಪತ್ರಿಕೆಗೆ ಎರಡು ಸಾಲು ಬರೆಯಿರಿ. ಮನೆ ಸಿಕ್ಕಿದರೆ, ಬೆಲ್ ಒತ್ತಿ ಯಾರೂ ಬರಲಿಲ್ಲವೆಂದು ಹಿಂದಿರುಗಬೇಡಿ. ಗ್ಯಾರೇಜಿನ ಬಾಗಿಲನ್ನು ಅಂಗೈಯಿಂದ ಜೋರಾಗಿ ಬಡಿಯಿರಿ.