ರೂತ್‌ಳ ಕಿವಿಗೆ ನಾನು ದಾಟಿಸದ ಹೆಸರು

ಕುಂಯ್ — ಟ್ಯಾಬಿನ ಹತ್ತಿರ ತಲೆ ತಂದಾಗಲೆಲ್ಲ ರೂತ್‌ಳ ಹಿಯರಿಂಗ್ ಏಡ್ ಹಾಗೆ ಕೂಗುತ್ತಿತ್ತು. ಆ ದಿನ ಆ ಸದ್ದು ನಿಂತ ಮೇಲೆ ಅವಳು ನನ್ನ ಕಡೆ ತಿರುಗಿ, "ಏನಂದಳು, ಸುಶೀ?" ಎಂದು ಕೇಳಿದಳು. ನಾನು ಸುಳ್ಳು ಹೇಳಿದೆ. ಯಾಕೆ ಹೇಳಿದೆ — ಅದನ್ನು ತಿಳಿಯಲೆಂದೇ ಬರೆಯಲು ಕುಳಿತಿದ್ದೇನೆ, ತಿಳಿಯುತ್ತದೋ ಇಲ್ಲವೋ.

ರೂತ್ ಅಮೆರಿಕದವಳು. ಇಲ್ಲಿನ ಚೀನೀ ಡಾಕ್ಟರೊಬ್ಬರನ್ನು ಮದುವೆಯಾಗಿ ಮಲೇಷ್ಯಾದ ಈ ಪೆಟಾಲಿಂಗ್ ಜಯಾಕ್ಕೆ ಬಂದವಳು, ಅವರು ಹೋದ ಮೇಲೂ ಇಲ್ಲೇ ಉಳಿದವಳು. ಮೆಡಿಕಲ್ ಕಾಲೇಜಿನಲ್ಲಿ ಪಾಠ ಮಾಡುವ ಮಗಳ ಜೊತೆ ಇರಲು ನಾನು ಉಡುಪಿಯಿಂದ ಬಂದಾಗ, ಪಕ್ಕದ ಗೇಟು ಅವಳದು. ಅವಳಿಗೆ ಒಂದೇ ಹುಚ್ಚು — ನೇಥನ್. ಕೆಂಟಕಿ ಇನ್ನೂ ಕಾಡಾಗಿದ್ದಾಗ ಅಲ್ಲಿ ಮರ ಕಡಿದು, ದಿಮ್ಮಿಯ ಮನೆ ಕಟ್ಟಿ ನೆಲೆಯೂರಿದ ಮೊದಲಿಗರಲ್ಲಿ ಒಬ್ಬ. ರೂತ್‌ಳ ಅಜ್ಜಿಯ ಅಜ್ಜಿ ಹ್ಯಾನಾ ಅವನ ಮಗಳು ಎಂದು ಮನೆಯಲ್ಲಿ ಹೇಳಿಕೊಂಡು ಬಂದದ್ದು. ಅದನ್ನು ಖಾತ್ರಿ ಮಾಡಿಕೊಂಡು, ನೇಥನ್‌ನ ಸಮಾಧಿಯ ಮೇಲೆ ಹೊಸ ಕಲ್ಲು ನಿಲ್ಲಿಸಬೇಕು, ಕೆಳಗೆ ಹ್ಯಾನಾಳ ಹೆಸರು ಕೆತ್ತಿಸಬೇಕು — ಅದಕ್ಕಾಗಿಯೇ ಬದುಕಿರುವಂತೆ ಇದ್ದಳು.

ಅವಳ ಕಿವಿಗೆ ಫೋನಿನ ಮಾತು ಹೋಗುತ್ತಿರಲಿಲ್ಲ. ನನ್ನ ಇಂಗ್ಲಿಷ್ ಹೋಗುತ್ತಿತ್ತು. ಕಾನ್ವೆಂಟಿನಲ್ಲಿ ಎಲೊಕ್ಯೂಷನ್ ಸಿಸ್ಟರ್ ಪ್ರತಿ ಅಕ್ಷರವನ್ನೂ ಬಿಡಿಸಿ ಹೇಳಿಸುತ್ತಿದ್ದರಲ್ಲ — ಅದರ ಫಲ. "ಸುಶೀ ನನ್ನ ಪ್ರೈವೇಟ್ ರೇಡಿಯೋ ಲಾ, ಆದರೆ ಆಫ್ ಮಾಡೋ ಬಟನ್ ಇಲ್ಲ," ಎಂದು ಇಲ್ಲಿಯವರಂತೆ 'ಲಾ' ಸೇರಿಸಿ ನನ್ನ ಮಗಳ ಮುಂದೆ ಛೇಡಿಸುತ್ತಿದ್ದಳು.

ಅಂದು ಟ್ಯಾಬಿನಲ್ಲಿದ್ದವಳು ಕೆಂಟಕಿಯ ದೂರದ ಕಸಿನ್. ತೊಂಬತ್ತು ದಾಟಿದ ಮುದುಕಿ. ನಿಧಾನವಾಗಿ ಹೇಳಿದಳು: ನೇಥನ್‌ನ ಹೆಂಡತಿಗೆ ಮಕ್ಕಳೇ ಆಗಲಿಲ್ಲ. ಹ್ಯಾನಾಳನ್ನು ಹೆತ್ತವಳು ಅದೇ ಮನೆಯ ಅಡುಗೆಮನೆಯಲ್ಲಿ ದುಡಿಯುತ್ತಿದ್ದ ಹೆಂಗಸು — ಯಾರನ್ನು ಆ ನೆಲದಿಂದ ಓಡಿಸಿ ನೇಥನ್ ಮನೆ ಕಟ್ಟಿದನೋ ಆ ಮೂಲನಿವಾಸಿಗಳವಳು. ಅಪ್ಪ ಯಾರೆಂದು ಯಾರೂ ಕೇಳಲಿಲ್ಲ. ಆ ಹೆಂಗಸಿನ ಹೆಸರನ್ನೂ ಹೇಳಿದಳು. ನಾನು ಹಿಡಿದುಕೊಳ್ಳಲೆಂದು ಎರಡು ಸಲ ಹೇಳಿದಳು.

ನಾನು ರೂತ್‌ಳ ಕಿವಿಗೆ ಬಾಗಿ, ಅಕ್ಷರ ಅಕ್ಷರ ಬಿಡಿಸಿ, "ಹ್ಯಾನಾ ನೇಥನ್‌ನ ಮಗಳೇ ಅಂತೆ, ಡೌಟೇ ಬೇಡ ಅಂತಾಳೆ," ಎಂದೆ.

ಅವಳು ನನ್ನ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡಳು. ಸಂಜೆ ತಮಿಳು ಮುಸ್ಲಿಮರ ಮಾಮಕ್ ಅಂಗಡಿಯಿಂದ ನಮ್ಮ ಮನೆಗೂ ಸೇರಿಸಿ ರೋಟಿ ತಪಾವ್ ಮಾಡಿಸಿ, ಪೊಟ್ಟಣ ಕಟ್ಟಿಸಿಕೊಂಡು ತಂದಳು. ತಿಂದೆ.

ಸುಳ್ಳು ಹೇಳಿದ್ದು ಕನಿಕರದಿಂದ ಎಂದುಕೊಂಡೆ. ಈಗ ಹಾಗನ್ನಿಸುವುದಿಲ್ಲ. ನಮ್ಮ ಊರಿನ ದೊಡ್ಡ ಮನೆಗಳಲ್ಲಿ ಅಡುಗೆಮನೆಯ ಹಿಂದೆ ಬೆಳೆದ ಅಂಥ ಮಕ್ಕಳನ್ನು ನೋಡಿದ್ದೇನೆ. ಅವರ ಬಗ್ಗೆ ದನಿ ತಗ್ಗಿಸಿ ಮಾತಾಡಿದ್ದೇನೆ. ಆ ಅವಮಾನ ನನ್ನದಾಗಿತ್ತು, ರೂತ್‌ಳದಲ್ಲ. ಅವಳಿಗೆ ಅದು ನಿಧಿ ಸಿಕ್ಕಂತೆ ಆಗುತ್ತಿತ್ತೇನೋ — ನನಗೇನು ಗೊತ್ತು? ನಾನು ಕೇಳಲೇ ಇಲ್ಲವಲ್ಲ.

ಇನ್ನೊಂದು ಸಮಾಧಾನವನ್ನೂ ಹೇಳಿಕೊಂಡಿದ್ದೆ. ನಮ್ಮದು ಅಳಿಯಕಟ್ಟು. ಬಳಿ, ಅಂದರೆ ಕುಲ, ಬರುವುದು ತಾಯಿಯಿಂದ. ಗಂಡಸು ಎಷ್ಟೇ ದೊಡ್ಡವನಾದರೂ ಅವನ ಮಕ್ಕಳು ಹೆಂಡತಿಯ ಬಳಿಯವರು. ಹಾಗಾದರೆ ನೇಥನ್ ಯಾವ ಲೆಕ್ಕ? ಅಪ್ಪನ ಜಾಗದಲ್ಲಿ ಒಂದು ಹೆಸರು ಇದ್ದುಕೊಳ್ಳಲಿ ಬಿಡು, ಏನು ಹೋಯಿತು — ಎಂದು. ಏನು ಹೋಯಿತೆಂದು ಹೊಳೆಯಲು ವಾರ ಬೇಕಾಯಿತು. ರೂತ್, ಅವಳ ತಾಯಿ, ಅಜ್ಜಿ, ಮುತ್ತಜ್ಜಿ, ಹ್ಯಾನಾ — ಎಲ್ಲ ಹೆಂಗಸರೇ. ನಮ್ಮ ಕಟ್ಟಿನ ಪ್ರಕಾರ ಆ ಬಳ್ಳಿ ಹೋಗಿ ಮುಟ್ಟುವುದು ಅಡುಗೆಮನೆಯ ಆ ಹೆಂಗಸನ್ನೇ. ನಾನು ಒರೆಸಿದ್ದು ಅವಳನ್ನು — ನಾನು, ಅಳಿಯಕಟ್ಟಿನ ಮನೆಯ ಮಗಳು.

ಹೇಳಿಬಿಡೋಣ ಎಂದು ಎದ್ದೆ. ಹೆಸರು ನೆನಪಿಗೆ ಬರಲಿಲ್ಲ. ಮೊದಲ ಅಕ್ಷರ 'ತ' ಇತ್ತೇ, 'ವ' ಇತ್ತೇ — ಉದ್ದ ಹೆಸರಲ್ಲ ಎಂಬುದಷ್ಟೇ. ಕಸಿನ್‌ಗೆ ಫೋನ್ ಮಾಡಿದರೆ ಎತ್ತಿದ್ದು ಬೇರೆ ಯಾರೋ. ಮುದುಕಿ ನಿದ್ದೆಯಲ್ಲೇ ತೀರಿಕೊಂಡಿದ್ದಳು. ಮನೆಯವರಿಗೆ ಇಂಥ ಸುದ್ದಿಯೇ ಗೊತ್ತಿರಲಿಲ್ಲ. ಆ ಹೆಸರು ಭೂಮಿಯ ಮೇಲೆ ಕೊನೆಗೆ ಬಂದು ಉಳಿದದ್ದು ನನ್ನ ತಲೆಯಲ್ಲಿ — ಅಲ್ಲಿಂದ ಎತ್ತ ಹೋಯಿತೋ. ಈಗಲೂ ಸ್ನಾನ ಮಾಡುವಾಗ ಥಟ್ಟನೆ ತುದಿನಾಲಿಗೆಗೆ ಬಂದಂತಾಗುತ್ತದೆ —

ರೂತ್ ಬದುಕಿದ್ದಾಳೆ. ತನ್ನ ದೇಶಕ್ಕೆ ಮರಳಿ, ಕೆಂಟಕಿಯ ಒಂದು ನರ್ಸಿಂಗ್ ಹೋಮಿನಲ್ಲಿದ್ದಾಳೆ. ಕಲ್ಲು ನಿಂತಿದೆ, ಫೋಟೋ ಕಳಿಸಿದ್ದಾಳೆ. ನನಗೆ ಇಂಗ್ಲಿಷ್ ಬರೆಯಲು ಚೆನ್ನಾಗಿಯೇ ಬರುತ್ತದೆ, ಆದರೂ ಇದನ್ನು ಅವಳು ಓದಲಾರದ ಭಾಷೆಯಲ್ಲಿ ಬರೆಯುತ್ತಿದ್ದೇನೆ. ಇದೂ ಹೇಡಿತನವೇ. ಬರೆದರೆ ಅವಳ ಮೊದಲ ಪ್ರಶ್ನೆ ಆ ಹೆಸರು. ನನ್ನ ಬಳಿ ಅದಿಲ್ಲ.

ಕೊನೆಯ ಸಲ ಅವಳನ್ನು ನೋಡಿದ್ದು ಏರ್‌ಪೋರ್ಟಿನಲ್ಲಿ. ವ್ಹೀಲ್‌ಚೇರಿನಲ್ಲಿ ಕೂತು ನನ್ನನ್ನೇ ನೋಡುತ್ತಿದ್ದಳು. "ನೀನು ಕಂಡವರಿಗೆಲ್ಲ ಮೊದಲು ಕೇಳುವುದೇ ಅಮ್ಮನ ಮನೆ ಯಾವುದು ಅಂತ," ಎಂದಳು. "ರೋಟಿ ಅಂಗಡಿಯವನನ್ನೂ ಬಿಟ್ಟಿಲ್ಲ. ಹ್ಯಾನಾಳ ಅಮ್ಮ ಯಾರು ಅಂತ ನನ್ನನ್ನು ಮಾತ್ರ ಒಂದು ದಿನವೂ ಕೇಳಲಿಲ್ಲವಲ್ಲ, ಸುಶೀ?"

"ಒಳಗೆ ಎಸಿ ಜಾಸ್ತಿ," ಎಂದು ಶಾಲು ಹೊದಿಸಿದೆ. ಅಕ್ಷರ ಬಿಡಿಸಿ ಹೇಳಲಿಲ್ಲ, ಅವಳಿಗೆ ಕೇಳಿಸಿರಲಾರದು. ಉತ್ತರವನ್ನೇ ಕೊಟ್ಟೆ ಎಂದುಕೊಂಡಳೋ ಏನೋ, ಒಳ್ಳೆಯ ಕಿವಿಯನ್ನು ನನ್ನ ಕಡೆಗೆ ವಾಲಿಸಿದಳು. ಕುರ್ಚಿ ತಳ್ಳುವ ಹೆಂಗಸು "ಓಕೆ ಆಂಟಿ?" ಎಂದು ಹೊರಟೇಬಿಟ್ಟಳು. ಗಾಜಿನ ಬಾಗಿಲು ಮುಚ್ಚುವವರೆಗೂ ರೂತ್‌ಳ ತಲೆ ಹಾಗೆಯೇ ನನ್ನ ಕಡೆ ವಾಲಿತ್ತು.