ಕೈ ಬಿಡಲಾಗದ ಹೊತ್ತು

ಮುಶಿಗೇರಿಯ ಅನ್ನಪೂರ್ಣಾ ಎಂಬಿಬಿಎಸ್ ಮುಗಿಸಿ ಸರ್ಜರಿ ಓದಲು ಸೇರಿದ ದಿನವೇ ಅವಳ ಯುನಿಟ್ಟಿನ ಮುಖ್ಯ ಡಾಕ್ಟರು ಎಲ್ಲರೆದುರು ನಕ್ಕಿದ್ದರು. "ಹೆಣ್ಣುಮಕ್ಕಳು ಹೆರಿಗಿ ವಾರ್ಡ್ ಬಿಟ್ಟು ಇಲ್ಯಾಕ ಬರ್ತೀರಿ? ನಾಳೆ ಮದ್ವಿ ಮಾಡ್ಕೊಂಡ ಹೋದ್ರ ಸೀಟ್ ಹಾಳು." ಜೊತೆಯ ಹುಡುಗರು ನಕ್ಕರು. ಅವಳೂ ನಕ್ಕಂತೆ ಮಾಡಿದಳು.

ಆಪರೇಷನ್ ಹೊತ್ತಿನಲ್ಲಿ ಹುಡುಗರ ಕೈಗೆ ಕತ್ತಿ ಬಂತು. ಅವಳಿಗೆ ಸಿಕ್ಕಿದ್ದು ಕೊಯ್ದ ಹೊಟ್ಟೆಯನ್ನು ತೆರೆದು ಹಿಡಿಯುವ ಉಕ್ಕಿನ ಕೊಕ್ಕೆ. ಅದನ್ನು ಹಿಡಿದು ನಿಂತಾಗಲೇ ಮುಖ್ಯ ಡಾಕ್ಟರ ಮೊಣಕೈ ಅವಳ ಎದೆಗೆ ಒತ್ತತೊಡಗಿತು. ಮೊದಲ ಸಲ ಇಕ್ಕಟ್ಟಿನಿಂದ ತಾಗಿತೇನೋ ಅಂದುಕೊಂಡಳು. ಆಮೇಲೆ ಹಾಗೆ ಅಂದುಕೊಳ್ಳಲು ಆಗಲಿಲ್ಲ. ಹಿಂದೆ ಸರಿಯುವಂತಿಲ್ಲ. ಕೈ ಸಡಿಲಿಸಿದರೆ ಮೇಜಿನ ಮೇಲಿದ್ದವರ ಜೀವಕ್ಕೇ ಕುತ್ತು.

ರಜೆಗೆಂದು ಊರಿಗೆ ಬಂದವಳು ಕೂತಲ್ಲಿ ಕೂರಲಿಲ್ಲ. ಅವ್ವ ಉಡಚವ್ವ ಕೂಲಿಗೆ ಹೋಗಿದ್ದ ಮೆಣಸಿನಕಾಯಿ ಹೊಲಕ್ಕೆ ನಡೆದಳು. ಬದುವಿನ ಮೇಲೆ ಆ ಕಡೆ ಈ ಕಡೆ ತಿರುಗಿದಳು.

"ಯಾಕ ಹಿಂಗ ಅಡ್ಡಾಡ್ತಿ?"

"ಅವ್ವಾ, ನಾ ಓದೂದ ಬಿಡ್ತೀನಿ."

ಕೇಳಿ ಕೇಳಿ ನಡೆದದ್ದನ್ನು ಬಾಯಿ ಬಿಡಿಸಿದ ಮೇಲೆ ಉಡಚವ್ವ ಕಾಯಿ ಬಿಡಿಸುವುದನ್ನು ನಿಲ್ಲಿಸಿದಳು. "ನನ್ನ ಹರೇದಾಗ ಒಬ್ಬ ಕೂಲಿ ಮೇಸ್ತ್ರಿ ಹಿಂಗ ಇದ್ದ. ನಾ ನನ್ನ ಸಾಲು ಬಿಟ್ಟು ಮುದುಕ್ಯಾರ ನಡುವ ಹೋಗಿ ಕುಂತ ಕಳೆ ತಗದೆ. ಬಾಯಿ ಬಿಡಲಿಲ್ಲ. ಅಂವ ಮತ್ತೊಬ್ಬಾಕಿ ಹಿಂದ ಬಿದ್ದ."

"ಆಪರೇಷನ್ ಟೇಬಲ್ ಮುಂದ ಬ್ಯಾರೆ ಸಾಲು ಇಲ್ಲವ್ವಾ."

"ಹಂಗಾದ್ರ ಬಾಯಿ ಬಿಡು. ಮನಿಗೆ ಬಾ ಅಂತ ನಾ ಮಾತ್ರ ಅನ್ನಂಗಿಲ್ಲ."

ಆಸ್ಪತ್ರೆಗೆ ಮರಳಿದ ವಾರವೇ ಮತ್ತೆ ಅದೇ ಮೊಣಕೈ. ಅನ್ನಪೂರ್ಣಾ ಗಟ್ಟಿಯಾಗಿಯೇ ಹೇಳಿದಳು. "ಸರ್, ನನ್ನ ಎದಿ ಮ್ಯಾಲಿಂದ ನಿಮ್ಮ ಮೊಣಕೈ ತಗೀರಿ."

ಆಪರೇಷನ್ ಥಿಯೇಟರಿನಲ್ಲಿ ಯಾರೂ ತಲೆ ಎತ್ತಲಿಲ್ಲ. ಮುಖ್ಯ ಡಾಕ್ಟರು ಒಂದು ಹೆಜ್ಜೆ ಸರಿದು, "ತಲಿ ಕೆಟ್ಟೇತೇನ ನಿಂಗ? ನೀ ಹ್ಯಾಂಗ ಪಾಸಾಗ್ತಿ ನೋಡ್ತೀನಿ" ಅಂದರು. ಅವಳು ಆಪರೇಷನ್ ಮುಗಿಯುವವರೆಗೂ ಕೊಕ್ಕೆ ಬಿಡಲಿಲ್ಲ.

ಕಾಲೇಜಿಗೆ ದೂರು ಕೊಟ್ಟಳು. ವಿಚಾರಣೆಯಲ್ಲಿ ಹುಡುಗರೆಲ್ಲ ಏನೂ ಕಾಣಲಿಲ್ಲ ಅಂದರು. ಥಿಯೇಟರ್ ನರ್ಸ್ ಸುವರ್ಣಾ ಒಬ್ಬಳೇ, "ನಾ ನೋಡೀನ್ರಿ. ಈಕಿಗೂ, ಈಕಿಗಿಂತ ಮೊದಲ ಓದಿ ಹೋದಾಕಿಗೂ ಹಿಂಗ ಮಾಡಿದ್ರು" ಅಂದಳು. ಸ್ವಲ್ಪ ದಿನಕ್ಕೆ ಸುವರ್ಣಾಳನ್ನು ಬೇರೆ ವಾರ್ಡಿಗೆ ಹಾಕಿದರು. ಡಾಕ್ಟರಿಗೆ ಸಿಕ್ಕಿದ್ದು ಬರೀ ಎಚ್ಚರಿಕೆ. ಅವರ ಕುರ್ಚಿ ಅಲುಗಲಿಲ್ಲ. ಅನ್ನಪೂರ್ಣಾಳ ಯುನಿಟ್ ಬದಲಾಯಿತು. ಅಲ್ಲಿ ಕತ್ತಿ ಕೈಗೆ ಬಂತು, ಆದರೆ ಊಟದ ಮೇಜಿಗೆ ಅವಳು ಬಂದರೆ ಹುಡುಗರು ಎದ್ದು ಹೋಗುತ್ತಿದ್ದರು. ಮೊದಲ ಸಲ ಫೇಲಾಗಿ, ಮತ್ತೆ ಪರೀಕ್ಷೆಗೆ ಕಟ್ಟಿ ಪಾಸಾದಳು.

ಈಗ ರೋಣದ ದವಾಖಾನೆಯಲ್ಲಿ ಅವಳು ಸರ್ಜನ್. ಹೋದ ತಿಂಗಳು ಸವಡಿಯ ಕಳಕವ್ವ ಮಗಳು ಪೂಜಾಳನ್ನು ಕರೆದುಕೊಂಡು ಬಂದಿದ್ದಳು. ಹುಡುಗಿಗೆ ಮೆಡಿಕಲ್ ಸೀಟು ಸಿಕ್ಕಿತ್ತು, ಅನ್ನಪೂರ್ಣಾ ಸರ್ಜರಿ ಓದಿದ್ದ ಕಾಲೇಜಿನಲ್ಲೇ.

"ಅಲ್ಲಿ ಹುಡುಗ್ಯಾರಿಗೆ ಚಲೋ ಐತೇನ್ರಿ, ಮೇಡಮ್ಮಾರ?" ಕಳಕವ್ವ ಕೇಳಿದಳು.

ಅನ್ನಪೂರ್ಣಾ ಸ್ಟೆತಸ್ಕೋಪು ತೆಗೆದಿಟ್ಟಳು, ಮತ್ತೆ ಕೊರಳಿಗೆ ಹಾಕಿಕೊಂಡಳು. ಆಮೇಲೆ ಬಾಗಿಲು ಹಾಕಿ, ನಡೆದದ್ದನ್ನೆಲ್ಲ ತಾಯಿಯ ಎದುರಿಗೇ ಹುಡುಗಿಗೆ ಹೇಳಿದಳು. ಕಳಕವ್ವನ ಮುಖ ಬಿಳಚಿಕೊಂಡಿತು.

"ಹಂಗಾದ್ರ ಕಳಸೂದ ಬ್ಯಾಡೇನ್ರಿ?"

"ಕಳಸ್ರಿ. ಆದ್ರ ಆಕಿ ಏನರ ಹೇಳಿದ್ರ ನಂಬ್ರಿ."

ಅವರು ಹೋದ ಮೇಲೆ ಅನ್ನಪೂರ್ಣಾಗೆ ಕೂರಲಾಗಲಿಲ್ಲ. ಹೆಚ್ಚಿಗೆ ಹೇಳಿದೆನೋ, ಕಡಿಮೆ ಹೇಳಿದೆನೋ. ಹೊರಗೆ ಓಡಿ ಬರುವಷ್ಟರಲ್ಲಿ ತಾಯಿ ಮಗಳು ಗೇಟು ದಾಟಿದ್ದರು. ಒಳಗಿನಿಂದ ಯಾರೋ ಮುಂದಿನ ಪೇಷಂಟಿನ ಹೆಸರು ಕೂಗುತ್ತಿದ್ದರು.