ಎಡಗೈಯ ರೈಫಲ್ಲು

ನಾನು ರೈಫಲ್ಲು ಕೊಳ್ಳುತ್ತೇನೆ ಎಂದಾಗ ಮೊದಲು ನಕ್ಕವರು ನನ್ನ ಗಂಡ. ಕೈಯಲ್ಲಿದ್ದ ಕಾಫಿ ಆರಿಹೋದರೂ ಅವರ ನಗು ನಿಲ್ಲಲಿಲ್ಲ.

ಸ್ಯಾನ್ ಹೊಸೆಯ ನಮ್ಮ ಮನೆಗೆ ಶನಿವಾರ ಬರುತ್ತಿದ್ದವರ ಬಾಯಲ್ಲಿ ಆಗ ಇದ್ದದ್ದು ಎರಡೇ ಮಾತು: ಯಾರ ಕಂಪನಿಯ ಷೇರು ಏರಿತು, ಯಾರು ಮನೆಯಲ್ಲೇ ಕಂಪ್ಯೂಟರು ಜೋಡಿಸುತ್ತಿದ್ದಾರೆ. ಮದರ್‌ಬೋರ್ಡು ಯಾವುದು, ಫ್ಯಾನು ಯಾವುದು ಎಂದು ಗಂಡಸರು ಮಧ್ಯಾಹ್ನವೆಲ್ಲ ಕೊರೆದರೆ ಅದು ಜಾಣತನ. ನಾನು ಒಂದು ಬೇಸ್ ರೈಫಲ್ಲು, ಅಂದರೆ ಬರೀ ಮೂಲ ಬಂದೂಕು ತಂದು, ಅದಕ್ಕೆ ನಳಿಗೆ, ಭುಜಕ್ಕೊತ್ತುವ ಮರದ ಸ್ಟಾಕು, ಗುರಿ ನೋಡುವ ಸೈಟು ಎಲ್ಲವನ್ನೂ ನನ್ನ ಮೈಗೆ ಹೊಂದುವಂತೆ ಹಾಕಿಸುತ್ತೇನೆ ಎಂದರೆ ಅದು ತಲೆಹರಟೆ. ಯೂನಿಯನ್ ಸಿಟಿಯಿಂದ ಬರುತ್ತಿದ್ದ ಗೆಳತಿಯೊಬ್ಬಳು, "ಯಾಕ್ರೀ ನಿಮಗೆ ಇಲ್ಲದ ಉಸಾಬರಿ? ನಮ್ ಜೊತೆ ಯೋಗ ಕ್ಲಾಸಿಗೆ ಬನ್ನಿ" ಎಂದಳು. ಯೋಗ ಮಾಡಲು ನನಗೇನೂ ಬೇಜಾರಿರಲಿಲ್ಲ. ಆದರೆ ನನಗೆ ಬೇಕಾಗಿದ್ದದ್ದು ಅದಲ್ಲ.

ಮೈಸೂರಿನಲ್ಲಿ ಕಾಲೇಜಿಗೆ ಹೋಗುವಾಗ ನಾನು ಎನ್‌ಸಿಸಿಯಲ್ಲಿದ್ದೆ. ಫೈರಿಂಗ್ ದಿನ ಚಾಪೆಯ ಮೇಲೆ ಬೋರಲು ಮಲಗಿ ರೈಫಲ್ಲನ್ನು ಎಡಭುಜಕ್ಕೆ ಒತ್ತಿಕೊಂಡೆ. ಹವಾಲ್ದಾರರು ಹಿಂದಿನಿಂದ ಗದರಿದರು: "ಏ ಲಡಕೀ, ಸೀಧೇ ಹಾಥ್ ಸೇ!" ಬಲಕ್ಕೆ ಬದಲಿಸಿದೆ. ಗುಂಡು ಕಾಗದದ ಗುರಿಯನ್ನು ಬಿಟ್ಟು ಊರೆಲ್ಲ ತಿರುಗಿತು. ಕ್ಯಾಂಪಿನ ತಂಡದಿಂದ ನನ್ನ ಹೆಸರು ಹೋಯಿತು. ಎಡಗೈಯಲ್ಲೇ ಬಿಟ್ಟಿದ್ದರೆ ಏನಾಗುತ್ತಿತ್ತು ಎಂದು ಯಾರೂ ಕೇಳಲಿಲ್ಲ. ಅದನ್ನು ನಾನೇ ತಿಳಿಯಬೇಕಿತ್ತು.

ಇದನ್ನು ಹೇಳಿದಾಗ ಗಂಡ, "ಕುಣೀಲಾರ್ದೋಳು ನೆಲ ಡೊಂಕು ಅಂದಳಂತೆ" ಎಂದರು.

"ನೆಲ ನಿಜವಾಗ್ಲೂ ಡೊಂಕಾಗಿದ್ರೆ ಏನ್ ಮಾಡ್ಬೇಕ್ರೀ?" ಎಂದೆ.

ಅವರು ಕೆಟ್ಟವರಲ್ಲ. "ಎಡಗೈ ಕತ್ತರಿ ಸಿಗುತ್ತಂತೆ, ಒಂದು ತಂದುಕೊಡ್ತೀನಿ, ಸಾಲ್ದಾ?" ಎಂದು ಸಂಧಾನಕ್ಕೂ ಬಂದರು. ಸಾಲದು ಎಂದೆ.

ವೀಸಾದ ಮೇಲಿರುವವರಿಗೆ ಬಂದೂಕು ಸುಲಭಕ್ಕೆ ಸಿಗುತ್ತಿರಲಿಲ್ಲ. ಆದ್ದರಿಂದ ಗ್ರೀನ್ ಕಾರ್ಡು ಬರುವವರೆಗೆ ಮತ್ತೆ ಆ ಮಾತು ಎತ್ತಲಿಲ್ಲ. ಅದು ಬಂದಿತು. ಅದೇ ಬೇಸಿಗೆಯಲ್ಲಿ ಮೈಸೂರಿನಿಂದ ಅಮ್ಮನೂ ಬಂದಳು.

ನಮ್ಮ ಮಗಳಿಗೆ ಆಗ ಐದು ವರ್ಷ. ಅವಳೂ ಎಡಚಿ. ಅಮ್ಮ ಬಂದ ಮಾರನೆಯ ದಿನದಿಂದಲೇ ಅವಳ ಚಮಚವನ್ನು ಎಡಗೈಯಿಂದ ಕಿತ್ತು ಬಲಗೈಗೆ ಕೊಡಲು ಶುರು ಮಾಡಿದಳು. "ಆ ಕೈ ಅಲ್ಲ ಪುಟ್ಟಿ, ಒಳ್ಳೇ ಕೈ!" ಮಗು ಇಂಗ್ಲಿಷಿನಲ್ಲಿ "ವೈ, ಅಜ್ಜಿ?" ಎನ್ನುತ್ತಿತ್ತು. ಅಜ್ಜಿ ಕಣ್ಣು ಬಿಡುತ್ತಿದ್ದಳು. ಚಿಕ್ಕಂದಿನಲ್ಲಿ ನನ್ನ ಎಡಗೈಯನ್ನು ಕರವಸ್ತ್ರದಲ್ಲಿ ಲಂಗದ ಸೊಂಟಕ್ಕೆ ಕಟ್ಟಿ ಊಟಕ್ಕೆ ಕೂರಿಸಿದ್ದೂ ಇದೇ ಅಮ್ಮ. ಕೆಲವು ವಾರಗಳಲ್ಲಿ ಮಗಳು ಅಜ್ಜಿ ಬರುವ ಸದ್ದಾದರೆ ಬಳಪವನ್ನು ತಾನೇ ಬಲಗೈಗೆ ದಾಟಿಸುವುದನ್ನು ಕಲಿತಳು. ಅದನ್ನು ಕಂಡ ದಿನ ನನಗೆ ಮೈಯೆಲ್ಲ ಉರಿದುಹೋಯಿತು. ಈ ಮನೆಯಲ್ಲಿ ಎಡಗೈಯವರಿಗೆಂದೇ ಮಾಡಿದ ವಸ್ತುವೊಂದು ಇರಲೇಬೇಕು, ಅದು ದೊಡ್ಡದಾಗಿರಬೇಕು, ಎಲ್ಲರ ಕಣ್ಣಿಗೂ ಬೀಳಬೇಕು ಎಂದು ಹಟ ಗಟ್ಟಿಯಾದದ್ದು ಆವತ್ತೇ.

ಅಂಗಡಿಗೆ ಒಬ್ಬಳೇ ಹೋದೆ. ಅಂಗಡಿಯವನು ದಪ್ಪ ಮೀಸೆಯ, ವಾಚಾಳಿ ಮನುಷ್ಯ. ಗುರಿ ಹೊಡೆಯುವುದಕ್ಕೆ ಸಣ್ಣ ಗುಂಡಿನ, ಬೋಲ್ಟು ಎಳೆದು ತುಂಬುವ ರೈಫಲ್ಲೇ ಸರಿ ಎಂದ. ಬೇಸ್ ಒಳ್ಳೆಯದಾಗಿದ್ದರೆ ಉಳಿದದ್ದನ್ನು ಯಾವಾಗ ಬೇಕಾದರೂ ಬದಲಿಸಬಹುದು, ಬೇಸೇ ತಪ್ಪಿದರೆ ಮೇಲೆ ಎಷ್ಟು ಸುರಿದರೂ ದಂಡ ಎಂದ. ಅಲ್ಲಿಯವರೆಗೆ ಎಲ್ಲ ಸರಿ. ಆಮೇಲೆ ಒಂದನ್ನು ತೆಗೆದು ನನ್ನ ಮುಂದೆ ಚಾಚಿದ. ನಾನು ಬಲಗೈ ಒಡ್ಡಿ ತೆಗೆದುಕೊಂಡೆ. ಯಾರಾದರೂ ಏನಾದರೂ ಕೊಟ್ಟರೆ ಎಡಗೈ ಚಾಚುವುದುಂಟೇ? ಬಲಗೈಗೆ ಬಂದದ್ದು ಬಲಭುಜಕ್ಕೇ ಏರಿತು. ಅವನು ನನ್ನ ತೋಳಳತೆ ನೋಡಿದ, ಕೆನ್ನೆ ಎಲ್ಲಿ ಕೂರುತ್ತದೆ ನೋಡಿದ, "ನಿಮಗೇ ಹೊಲಿಸಿದ ಹಾಗಿದೆ" ಎಂದ. ನಾನೂ ಹೂಂ ಎಂದು ಅದನ್ನೇ ಒಪ್ಪಿ ಹೊರಬಂದೆ!

ಕಾರಿನಲ್ಲಿ ಕೂತು ಬೀಗದ ಕೈ ತಿರುಗಿಸುವಾಗ ಹೊಳೆಯಿತು. ಎಡಗೈಗೆಂದು ಹೋದವಳು ಬಲಗೈಯ ರೈಫಲ್ಲಿಗೆ ಒಪ್ಪಿ ಬಂದಿದ್ದೆ. ಹವಾಲ್ದಾರರು ಬೇಕಾಗಿರಲಿಲ್ಲ, ಅಮ್ಮನೂ ಬೇಕಾಗಿರಲಿಲ್ಲ. ನನ್ನನ್ನು ತಿದ್ದುವ ಕೆಲಸವನ್ನು ನಾನೇ ಅಚ್ಚುಕಟ್ಟಾಗಿ ಮಾಡಿಕೊಂಡಿದ್ದೆ. ಥೂ, ನನ್ನ ಮಾನ ಮರ್ಯಾದೆ!

ಮತ್ತೆ ಒಳಗೆ ಹೋಗಿ, "ನಾನು ಎಡಗೈಯವಳು" ಎಂದೆ.

"ಆಗಲೇ ಹೇಳಬಾರದಿತ್ತೇ?" ಎಂದ. ನಮ್ಮ ಊರಿನ ಪದ್ಧತಿಯನ್ನು ಅವನಿಗೆ ಎಲ್ಲಿಂದ ವಿವರಿಸಲಿ? ಎರಡು ಅಂಗೈ ಜೋಡಿಸಿ ನಡುವೆ ಕಿಂಡಿ ಬಿಟ್ಟು, ಎರಡೂ ಕಣ್ಣು ತೆರೆದು ಆ ಕಿಂಡಿಯೊಳಗಿಂದ ಗೋಡೆಯ ಗಡಿಯಾರ ನೋಡಿ ಎಂದ. ಬಲಗಣ್ಣು ಮುಚ್ಚಿದರೆ ಗಡಿಯಾರ ಅಲ್ಲೇ ಇತ್ತು. ಎಡಗಣ್ಣು ಮುಚ್ಚಿದೊಡನೆ ಮಾಯವಾಯಿತು. ಗುರಿ ಹಿಡಿಯುವ ನನ್ನ ಕಣ್ಣೂ ಎಡಚಿ! ಕೈ ಕಟ್ಟಿದವರಿಗೆ ಕಣ್ಣು ಕಟ್ಟುವುದು ಹೊಳೆದಿರಲಿಲ್ಲ, ಪುಣ್ಯ.

ಆದರೂ ಅವನು, ಎಡಗೈಯ ಬೇಸ್ ಹೆಚ್ಚು ಸಿಗುವುದಿಲ್ಲ, ನಾಳೆ ಮಾರಹೊರಟರೆ ಕೊಳ್ಳುವವರಿಲ್ಲ, ಎಷ್ಟೋ ಎಡಗೈಯವರು ಬಲಗೈಯದರಲ್ಲೇ ಹೊಂದಿಕೊಳ್ಳುತ್ತಾರೆ ಎಂದ. ಹೊಂದಿಕೊಳ್ಳುತ್ತಾರೆ! ಆ ಮಾತು ಕೇಳಿದರೆ ನನಗೆ ಆಗುವುದಿಲ್ಲ. "ನಾನು ಮಾರೋದಕ್ಕೆ ಕೊಳ್ತಿಲ್ಲ, ತರಿಸು" ಎಂದು ಇಂಗ್ಲಿಷಿನಲ್ಲೇ ಜಬರಿಸಿದೆ. ತರಿಸಿದ. ಬೋಲ್ಟಿನ ಹಿಡಿ ಎಡಕ್ಕಿತ್ತು. ಅಲುಗಾಡದಂತೆ ಭಾರದ ನಳಿಗೆ, ನನ್ನ ತೋಳಿಗೆ ತಕ್ಕಂತೆ ಮೊಟಕು ಮಾಡಿದ ಆಕ್ರೋಟು ಮರದ ಸ್ಟಾಕು, ಎಡಗೆನ್ನೆ ಒರಗುವ ಕಡೆ ಉಬ್ಬು, ಬೆರಳಿನಲ್ಲಿ ಎಳೆಯಲು ಹಗುರವಾದ ಕುದುರೆ, ತೋಳಿಗೆ ಸುತ್ತುವ ಚರ್ಮದ ಪಟ್ಟಿ. ದುರ್ಬೀನು ಬೇಡವೆಂದೆ, ಸಣ್ಣ ತೂತಿನ ಸೈಟೇ ಸಾಕು. ಬೆಟ್ಟದ ಮೇಲಿನ ಶೂಟಿಂಗ್ ರೇಂಜಿನಲ್ಲಿ ಮೊದಲ ಸಲ ಮಲಗಿ ಹೊಡೆದಾಗ ತೂತುಗಳೆಲ್ಲ ಒಂದರ ಪಕ್ಕ ಒಂದು ಕೂತವು. ನೆಲ ಡೊಂಕೇ ಇತ್ತು. ಆ ಕಾಗದ ತಂದು ಗಂಡನ ಕಾಫಿಯ ಪಕ್ಕ ಇಟ್ಟೆ. ಅವರು ಅದನ್ನು ಬೆಳಕಿಗೆ ಹಿಡಿದು ನೋಡಿ, "ಪರವಾಗಿಲ್ವೇ!" ಎಂದರು.

ಆಯುಧಪೂಜೆ ಬಂತು. ದೇವರ ಮುಂದೆ ಅಮ್ಮ ಕಾರಿನ ಬೀಗದ ಕೈ, ಗಂಡನ ಲ್ಯಾಪ್‌ಟಾಪು, ಈಳಿಗೆಮಣೆ, ಮಿಕ್ಸಿಯ ಬ್ಲೇಡು ಎಲ್ಲ ಸಾಲಾಗಿ ಇಟ್ಟಿದ್ದಳು. ಶನಿವಾರದ ಮಂದಿಯೂ ಬಂದಿದ್ದರು. ನಾನು ಬೀರುವಿನ ಬೀಗ ತೆಗೆದು, ಬೋಲ್ಟು ಕಳಚಿದ ಖಾಲಿ ರೈಫಲ್ಲನ್ನು ತಂದು ಮಣೆಯ ಮೇಲೆ ಇಟ್ಟೆ.

"ಅಯ್ಯೋ ರಾಮ! ದೇವರ ಮುಂದೆ ಇದನ್ನ ಇಡ್ತೀಯೇನೇ?" ಎಂದಳು ಅಮ್ಮ.

"ಇವತ್ತು ಆಯುಧಪೂಜೆ ಅಮ್ಮ. ಇಲ್ಲಿರೋದ್ರಲ್ಲಿ ಆಯುಧ ಅನ್ನೋದು ಇನ್ಯಾವುದಿದೆ, ನೀನೇ ತೋರ್ಸು."

ಯಾರೋ ಕಿಸಕ್ಕನೆ ನಕ್ಕರು. ಅಮ್ಮ ತುಟಿ ಬಿಗಿದು ಅದಕ್ಕೂ ಕುಂಕುಮ ಹಚ್ಚಿದಳು. ಮಗಳು ಬೋಲ್ಟಿನ ಜಾಗವನ್ನು ಬೆರಳಿನಿಂದ ಮುಟ್ಟಿ, ಎಡಗಡೆ ಇದೆ ಎಂದು ನನ್ನ ಕಿವಿಯಲ್ಲಿ ಹೇಳಿದಳು. ಮಂಗಳಾರತಿಯಾಯಿತು. ಅಮ್ಮ ಉದ್ಧರಣೆಯಲ್ಲಿ ತೀರ್ಥ ತುಂಬಿ ಮೊದಲು ಮಗುವಿನ ಕಡೆ ತಿರುಗಿದಳು. ಮಗಳು ಮರೆತು ಎಡಗೈ ಒಡ್ಡಿದಳು.

"ಆ ಕೈಗೆ ತೀರ್ಥ ಹಾಕಲ್ಲ," ಎಂದಳು ಅಮ್ಮ, ಎಲ್ಲರಿಗೂ ಕೇಳುವ ಹಾಗೆ.

ಮಗುವಿನ ಮುಖ ಕೆಂಪಾಯಿತು. ಎಡಗೈ ಬೆನ್ನ ಹಿಂದೆ ಹೋಯಿತು, ಬಲಗೈ ಮುಂದೆ ಬಂತು. ನಾನು ಅವಳ ಪಕ್ಕದಲ್ಲಿ ಮೊಣಕಾಲೂರಿ ಕೂತು ನನ್ನ ಎಡಗೈ ಒಡ್ಡಿದೆ.

"ಏನಿದು ನಿನ್ನ ಹುಚ್ಚಾಟ, ಜನ ನೋಡ್ತಿದಾರೆ," ಎಂದು ಅಮ್ಮ ಪಿಸುಗುಟ್ಟಿದಳು.

"ನೋಡ್ಲಿ. ಹಾಕಿದ್ರೆ ಇದಕ್ಕೆ ಹಾಕು. ಇಲ್ದಿದ್ರೆ ನನಗೆ ಬೇಡ."

ಅಮ್ಮ ಹಾಗೇ ನಿಂತಳು. ನಾನೂ ಕೈ ಇಳಿಸಲಿಲ್ಲ, ತೋಳು ನೋಯತೊಡಗಿತು. ಅಮ್ಮ ಒಮ್ಮೆ ನನ್ನ ಮಣಿಕಟ್ಟನ್ನು ನೋಡಿದಳು, ಕರವಸ್ತ್ರ ಕಟ್ಟುತ್ತಿದ್ದ ಜಾಗವನ್ನು. ಆಮೇಲೆ ಉದ್ಧರಣೆ ಬಗ್ಗಿಸಿದಳು. ನನ್ನ ಎಡ ಅಂಗೈ ತಣ್ಣಗಾಯಿತು.

ಮಗಳು ನನ್ನನ್ನು ನೋಡಿದಳು, ಅಜ್ಜಿಯನ್ನು ನೋಡಿದಳು. ಬಲಗೈ ಹಿಂದಕ್ಕೆ ಎಳೆದುಕೊಂಡು ಎಡಗೈಯನ್ನು ಉದ್ಧರಣೆಯ ಕೆಳಗೇ ತಂದು ಹಿಡಿದಳು.

"ದಿಸ್ ಒನ್, ಅಜ್ಜಿ."